ಜಿಂಕೆ ಬೇಟೆಗೆ ಕ್ರಾಸ್‌ಬೋ ಬೇಕಾ? ಒಹಾಯೋ ಕಾಡಂಚಿನಿಂದ ಒಂದು ಲೆಕ್ಕಾಚಾರ

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಮೂರ್ನಾಲ್ಕು ಜನರಿಂದ ಬರುತ್ತದೆ. "ಕ್ರಾಸ್‌ಬೋ ತಗೊಳ್ಳಲಾ, ಕಾಂಪೌಂಡ್ ಬಿಲ್ಲು ಕಲೀಲಾ, ಇಲ್ಲ ಕೋವಿನೇ ಸಾಕಾ?" ಕೇಳುವವರು ಹೆಚ್ಚಾಗಿ ನಮ್ಮ ಕಡೆಯವರೇ. ಕೊಡಗು, ಸಕಲೇಶಪುರ, ತೀರ್ಥಹಳ್ಳಿ ಕಡೆಯಿಂದ ಬಂದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ಸುತ್ತಮುತ್ತ ಕೆಲಸದಲ್ಲಿರುವವರು. ಅಜ್ಜನ ಮನೆ ಗೋಡೆ ಮೇಲೆ ಕೋವಿ ನೋಡಿಕೊಂಡು ಬೆಳೆದವರು, ಆದರೆ ತಾವಾಗಿ ಒಂದು ಈಡೂ ಹೊಡೆಯದವರು. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಜಗಲಿಯಲ್ಲಿ ಕೂತು ಹೇಳುವ ಕಥೆಯಾಯಿತು. ಮಾಡಿದರೆ ಜೈಲು, ಅದು ಸರಿಯೂ ಹೌದು. ಇಲ್ಲಿ ಪರಿಸ್ಥಿತಿ ಬೇರೆ. ಒಹಾಯೋ ಒಂದೇ ರಾಜ್ಯದಲ್ಲಿ ಒಂದು ಸೀಸನ್‌ಗೆ 2 ಲಕ್ಷಕ್ಕೂ ಹೆಚ್ಚು ಬಿಳಿಬಾಲದ ಜಿಂಕೆ ಬೇಟೆಯಾಗುತ್ತವೆ. ಆದರೂ ಮರುವರ್ಷ ಹೈವೇ ಪಕ್ಕ ಅಷ್ಟೇ ಜಿಂಕೆ ನಿಂತಿರುತ್ತವೆ.

ಕ್ರಾಸ್‌ಬೋ ಅಂದರೆ ಅಡ್ಡಬಿಲ್ಲು. ಕೋವಿಯ ಹಾಗೆ ದಸ್ತಾ, ಕುದುರೆ (ಟ್ರಿಗರ್), ಮೇಲೊಂದು ಸ್ಕೋಪ್. ಮುಂದೆ ಅಡ್ಡಲಾಗಿ ಬಿಲ್ಲು. ಕಾಂಪೌಂಡ್ ಅಂದರೆ ತುದಿಗಳಲ್ಲಿ ಗಾಲಿ ಇರುವ, ಕೈಯಿಂದಲೇ ಎಳೆದು ಹಿಡಿಯುವ ಬಿಲ್ಲು. ನೋಡಿದ ತಕ್ಷಣ ಎಲ್ಲರಿಗೂ ಅನ್ನಿಸುವುದು, ಇದು ಸದ್ದಿಲ್ಲದ ಕೋವಿ ಇರಬೇಕು ಅಂತ. ಅಂಗಡಿಯವರು ಕೂಡ ಅದೇ ಧಾಟಿಯಲ್ಲಿ ಮಾರುತ್ತಾರೆ. ನನ್ನ ಅನುಭವದಲ್ಲಿ ಆ ತಿಳುವಳಿಕೆಯೇ ಎಡವಟ್ಟಿನ ಮೂಲ. ಕ್ರಾಸ್‌ಬೋಗೆ ದುಡ್ಡು ಕೊಟ್ಟರೆ ನಿಮಗೆ ಸಿಗುವುದು ಕಾಡಿನಲ್ಲಿ ಕೂರಲು ಜಾಸ್ತಿ ದಿನ. ಜಾಸ್ತಿ ದೂರ ಸಿಗುವುದಿಲ್ಲ. ಹಾಗಾಗಿ ನಿಮ್ಮ ರಾಜ್ಯದಲ್ಲಿ ಅದು ಎಷ್ಟು ದಿನ ಕೊಡುತ್ತದೆ ಅನ್ನುವುದರ ಮೇಲೆ ಅದರ ಬೆಲೆ ನಿಂತಿದೆ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಒಹಾಯೋದಲ್ಲಿ ಬಿಲ್ಲಿನ ಸೀಸನ್ ಸೆಪ್ಟೆಂಬರ್ ಕೊನೆಗೆ ಶುರುವಾದರೆ ಫೆಬ್ರವರಿ ಮೊದಲ ಭಾನುವಾರದ ತನಕ ನಡೆಯುತ್ತದೆ. ನಾಲ್ಕು ತಿಂಗಳ ಮೇಲಾಯಿತು. ಕೋವಿಯ ಸೀಸನ್ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರದಿಂದ ಒಂದು ವಾರ, ಆಮೇಲೆ ಡಿಸೆಂಬರ್‌ನಲ್ಲಿ ಇನ್ನೊಂದು ಶನಿವಾರ ಭಾನುವಾರ. ಒಟ್ಟು ಒಂಬತ್ತು ದಿನ. ಜನವರಿಯಲ್ಲಿ ಮಜಲ್‌ಲೋಡರ್‌ಗೆ ನಾಲ್ಕು ದಿನ ಇದೆ. ಮಜಲ್‌ಲೋಡರ್ ಅಂದರೆ ನಮ್ಮೂರ ಕೇಪಿನ ಕೋವಿಯ ಮೊಮ್ಮಗ ಅಂದುಕೊಳ್ಳಿ, ಬಾಯಿಂದಲೇ ಮದ್ದು ತುಂಬಬೇಕು.

ಈ ಬಿಲ್ಲಿನ ಸೀಸನ್ ಪೂರ್ತಿ ಕ್ರಾಸ್‌ಬೋಗೂ ತೆರೆದಿದೆ. ಒಹಾಯೋ ಈ ವಿಷಯದಲ್ಲಿ ಹಳೇ ಕುಳ, 1970ರ ದಶಕದಿಂದಲೇ ಅಡ್ಡಬಿಲ್ಲನ್ನು ಬಿಟ್ಟುಕೊಂಡಿದೆ. ಈಗ ಇಲ್ಲಿ ಕಾಂಪೌಂಡ್ ಬಿಲ್ಲಿಗಿಂತ ಕ್ರಾಸ್‌ಬೋಗೇ ಜಾಸ್ತಿ ಜಿಂಕೆ ಬೀಳುತ್ತವೆ.

ದಿನಗಳ ಸಂಖ್ಯೆಗಿಂತ ಮುಖ್ಯ, ಯಾವ ದಿನಗಳು ಅನ್ನುವುದು. ಇಲ್ಲಿನ ಜಿಂಕೆಗಳಿಗೆ ಬೆದೆ ಬರುವುದು ನವೆಂಬರ್ ಮೊದಲ ಎರಡು ವಾರ. ವರ್ಷವಿಡೀ ಕತ್ತಲಲ್ಲೇ ಓಡಾಡುವ ಕೊಂಬಿನ ಗಂಡು ಆಗ ಹಗಲು ಹನ್ನೊಂದು ಗಂಟೆಗೂ ಮೂಗು ನೆಲಕ್ಕಿಟ್ಟುಕೊಂಡು ಹೆಣ್ಣಿನ ಹಿಂದೆ ಓಡುತ್ತಿರುತ್ತದೆ. ಕೋವಿಯ ವಾರ ಬರುವ ಹೊತ್ತಿಗೆ ಆ ಭರ ಇಳಿದಿರುತ್ತದೆ. ಕನ್ನಡ ಸಂಘಗಳು ರಾಜ್ಯೋತ್ಸವ, ದೀಪಾವಳಿ ಎರಡನ್ನೂ ಸೇರಿಸಿ ಸರಿಯಾಗಿ ಅದೇ ಶನಿವಾರಕ್ಕೆ ಕಾರ್ಯಕ್ರಮ ಇಡುತ್ತವೆ, ಅದು ಬೇರೆ ಸಂಕಟ. ಎರಡು ವರ್ಷ ನಾನು ಬೆಳಗ್ಗೆ ಅಟ್ಟಣೆಯಿಂದ ಇಳಿದು ಕಾರಿನಲ್ಲೇ ಪಂಚೆ ಉಟ್ಟುಕೊಂಡು ಹೋಗಿದ್ದೇನೆ.

ಆಫೀಸಿಗೆ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ಕೋವಿಯ ಒಂಬತ್ತು ದಿನದಲ್ಲಿ ಐದು ದಿನ ಕೆಲಸದ ದಿನಗಳು. ರಜೆ ಹಾಕದಿದ್ದರೆ ಉಳಿಯುವುದು ಎರಡು ವಾರಾಂತ್ಯ. ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಮಗಳ ಹುಟ್ಟುಹಬ್ಬ ಅಂದರೆ ವರ್ಷ ಮುಗಿಯಿತು. ಕ್ರಾಸ್‌ಬೋ ಇದ್ದರೆ ಅಕ್ಟೋಬರ್‌ನ ಒಂದು ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಆರರೊಳಗೆ ಮರದ ಮೇಲಿರಬಹುದು.

ವೀಸಾ ಮತ್ತು ಅಕ್ಕಪಕ್ಕದ ಮನೆ

ನಮ್ಮವರಿಗೆ ಮಾತ್ರ ಬರುವ ಪ್ರಶ್ನೆ ಒಂದಿದೆ. ಎಚ್‌-1ಬಿ, ಎಚ್‌-4, ಎಫ್‌-1 ತರಹದ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಅಂದರೆ ದಾರಿ ಇದೆ, ಆದರೆ ಲೈಸೆನ್ಸ್ ಅವಧಿ ಮುಗಿದು ಕೋವಿ ಮಾತ್ರ ಮನೆಯಲ್ಲಿ ಉಳಿದರೆ ದೊಡ್ಡ ತಲೆನೋವು. ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ವರ್ಷದಿಂದ ನಿಂತವನಿಗೆ ಆ ತಲೆನೋವು ಯಾಕೆ ಬೇಕು? ಕ್ರಾಸ್‌ಬೋ ಫೆಡರಲ್ ಕಾನೂನಿನ ಕಣ್ಣಲ್ಲಿ ಕೋವಿ ಅಲ್ಲ. ಈ ಒಂದು ಕಾರಣಕ್ಕೇ ನನ್ನ ಪರಿಚಯದ ನಾಲ್ಕು ಜನ ಅಡ್ಡಬಿಲ್ಲು ಹಿಡಿದಿದ್ದಾರೆ. ಆದರೂ ಕೋವಿಯ ಕಡೆ ಹೋಗುವ ಮನಸ್ಸಿದ್ದರೆ ಮೊದಲು ವೀಸಾ ವಕೀಲರನ್ನು ಒಂದು ಮಾತು ಕೇಳಿ. ನನ್ನ ಮಾತು ನಂಬಿಕೊಂಡು ಅಂಗಡಿಗೆ ಹೋಗಬೇಡಿ.

ಜಾಗದ ಪ್ರಶ್ನೆಯೂ ಇದೆ. ಒಹಾಯೋದಲ್ಲಿ ಖಾಸಗಿ ಜಮೀನಿನಲ್ಲಿ ಕೂರಬೇಕೆಂದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ನಾನು ಲಿಕಿಂಗ್ ಕೌಂಟಿಯಲ್ಲಿ ಒಬ್ಬ ರೈತರ ಬಾಗಿಲು ತಟ್ಟಿದಾಗ ಅವರು ಮೊದಲು ಕೇಳಿದ್ದು, "ಕೋವಿನಾ, ಬಿಲ್ಲಾ?" ಬಿಲ್ಲು ಅಂದೆ. ದನ ಮೇಯುವ ಜಾಗದ ಹತ್ತಿರ ಕೋವಿಯವರನ್ನು ಅವರು ಬಿಡುವುದೇ ಇಲ್ಲವಂತೆ. ಚೀಟಿಗೆ ಸಹಿ ಹಾಕಿ ಕೊಟ್ಟರು. ನಗರದ ಅಂಚಿನ ಎಷ್ಟೋ ಊರುಗಳಲ್ಲೂ ಇದೇ ಕಥೆ. ಕೋವಿ ಸಿಡಿಸುವಂತಿಲ್ಲ, ಆದರೆ ತೋಟ ತಿಂದುಹಾಕುವ ಜಿಂಕೆ ಕಡಿಮೆ ಮಾಡಲು ಬಿಲ್ಲಿನವರಿಗೆ ಅನುಮತಿ ಕೊಡುತ್ತಾರೆ. ಅನುಮತಿ ಪತ್ರದಲ್ಲಿ ಕ್ರಾಸ್‌ಬೋ ಎಂಬ ಪದ ಇದೆಯಾ ಅಂತ ನೋಡಿಕೊಳ್ಳಿ, ಕೆಲವು ಕಡೆ ಬೇರೆ ನಿಯಮ ಇರುತ್ತದೆ.

ಕಾಂಪೌಂಡ್ ಬಿಲ್ಲಿನ ಪಕ್ಕ ಇಟ್ಟು ನೋಡಿದರೆ

ಇಬ್ಬರಿಗೂ ಅದೇ ಸೀಸನ್, ಅದೇ ಕಾಡು, ಹೆಚ್ಚುಕಡಿಮೆ ಅದೇ ದೂರ. ವ್ಯತ್ಯಾಸ ಇರುವುದು ಕಲಿಯುವ ಶ್ರಮದಲ್ಲಿ.

ಕಾಂಪೌಂಡ್ ಬಿಲ್ಲು 60 ಪೌಂಡಿನದ್ದಾದರೆ ಪೂರ್ತಿ ಎಳೆದ ಮೇಲೆ ಗಾಲಿಗಳು ಹೊರುವುದರಿಂದ ಕೈಗೆ ಉಳಿಯುವ ಭಾರ ಸುಮಾರು 10-12 ಪೌಂಡ್. ಆದರೆ ಎಳೆಯುವಾಗ ಪೂರ್ತಿ ಅರವತ್ತನ್ನೂ ದಾಟಿಯೇ ಹೋಗಬೇಕು. ಅದೂ ಜಿಂಕೆ ಇಪ್ಪತ್ತು ಗಜದಲ್ಲಿ ನಿಂತು ನಿಮ್ಮ ಕಡೆ ಕಿವಿ ತಿರುಗಿಸಿರುವಾಗ. ಎರಡು ಗಂಟೆ ಚಳಿಯಲ್ಲಿ ಮರಗಟ್ಟಿದ ಭುಜದಿಂದ. ಇದಕ್ಕೆ ಬೇಸಿಗೆಯಿಡೀ ವಾರಕ್ಕೆ ಮೂರು ಸಲವಾದರೂ ಬಾಣ ಬಿಟ್ಟು ಅಭ್ಯಾಸ ಬೇಕು. ಹಾಗೆ ಮಾಡಿದವರಿಗೆ ಅದೊಂದು ಸಂತೋಷ, ಒಪ್ಪುತ್ತೇನೆ. ಬಿಲ್ಲುಗಾರಿಕೆಯೇ ಇಷ್ಟ, ಜಿಂಕೆ ಸಿಕ್ಕರೆ ಸಿಕ್ಕೀತು ಅನ್ನುವವರು ಕ್ರಾಸ್‌ಬೋ ಕೊಂಡರೆ ಎರಡೇ ತಿಂಗಳಲ್ಲಿ ಬೇಜಾರಾಗಿ ಗ್ಯಾರೇಜಿಗೆ ಹಾಕುತ್ತಾರೆ.

ಕ್ರಾಸ್‌ಬೋ ಕತ್ತಲಲ್ಲೇ ಹೆದೆ ಏರಿಸಿ ಇಟ್ಟಿರುತ್ತೀರಿ. ಜಿಂಕೆ ಬಂದಾಗ ಮಾಡಬೇಕಾದದ್ದು ನಿಧಾನಕ್ಕೆ ಎತ್ತಿ ಆನಿಸಿ ಸೇಫ್ಟಿ ತೆಗೆಯುವುದಷ್ಟೆ. ಭುಜದ ಆಪರೇಷನ್ ಆದವರು, ಐವತ್ತು ದಾಟಿದವರು, 40 ಪೌಂಡ್ ಎಳೆಯಲಾಗದವರು ಎಲ್ಲರೂ ಒಂದೆರಡು ವಾರಾಂತ್ಯದಲ್ಲಿ 20 ಗಜಕ್ಕೆ ಸರಿಯಾಗಿ ಹೊಡೆಯಲು ಕಲಿಯುತ್ತಾರೆ.

ಅದರ ಕಿರಿಕಿರಿಗಳು ಬೇರೆ. ಒಂದು, ಭಾರ. ಸ್ಕೋಪ್, ಬತ್ತಳಿಕೆ ಎಲ್ಲ ಸೇರಿ ಎಂಟು ಪೌಂಡ್ ದಾಟುತ್ತದೆ, ಅದೂ ಎಲ್ಲ ಮುಂದಕ್ಕೇ. ಗುಡ್ಡ ಹತ್ತುವಾಗ ಸಿಟ್ಟು ಬರುತ್ತದೆ. ಎರಡು, ಮೊದಲ ಬಾಣ ತಪ್ಪಿದರೆ ಇನ್ನೊಂದಕ್ಕೆ ಅರ್ಧ ನಿಮಿಷಕ್ಕೂ ಮೇಲೆ ಬೇಕು. ಎದ್ದು ನಿಂತು ಹೆದೆ ಎಳೆಯುವವರೆಗೆ ಯಾವ ಜಿಂಕೆ ಕಾಯುತ್ತದೆ?

ಮೂರನೆಯದು ಹೆದೆ ಏರಿಸುವ ಕೆಲಸವೇ. ಇದನ್ನು ಅಂಗಡಿಯಲ್ಲಿ ಒಂದು ನಿಮಿಷದಲ್ಲಿ ತೋರಿಸಿ ಮುಗಿಸುತ್ತಾರೆ, ಆದರೆ ಎಲ್ಲ ಇಲ್ಲೇ ಕೆಡುವುದು. ಮುಂದಿನ ರಿಕಾಪಿನಲ್ಲಿ ಕಾಲಿಟ್ಟು, ಹಗ್ಗದ ಎರಡು ಕೊಕ್ಕೆಗಳನ್ನು ಹೆದೆಗೆ ಸಿಕ್ಕಿಸಿ, ಎರಡೂ ಕೈಯಿಂದ ಸಮನಾಗಿ ಎಳೆಯಬೇಕು. ಹಗ್ಗ ಇದ್ದರೆ ಭಾರ ಅರ್ಧಕ್ಕಿಳಿಯುತ್ತದೆ. ಬಲಗೈ ಸ್ವಲ್ಪ ಜೋರಾಗಿ ಎಳೆದರೆ ಹೆದೆಯ ನಡು ಜಾಗ ಕಾಲು ಇಂಚು ಪಕ್ಕಕ್ಕೆ ಸರಿಯುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ, ಆದರೆ ಬಾಣ ಮಾತ್ರ ಗುರಿಯಿಂದ ಪಕ್ಕಕ್ಕೆ ಬೀಳುತ್ತದೆ. ಮೊದಲ ವರ್ಷ ನಾನು ಸ್ಕೋಪ್ ಕೆಟ್ಟಿದೆ ಅಂತ ಅದನ್ನು ಬೈದುಕೊಂಡು ತಿರುಪು ತಿರುಗಿಸಿದ್ದೇ ತಿರುಗಿಸಿದ್ದು. ಆಮೇಲೆ ಹೆದೆ ಇಳಿದಿರುವಾಗ ಅದು ಬಾಣ ಕೂರುವ ಕಂಬಿಗೆ ತಾಗುವಲ್ಲಿ, ಹೆದೆಯ ಮೇಲೆ ಎರಡೂ ಪಕ್ಕ ಬಿಳಿ ಪೆನ್ನಿನಿಂದ ಗುರುತು ಹಾಕಿಕೊಂಡೆ. ಎಳೆದ ಮೇಲೂ ಗುರುತು ಎರಡೂ ಕಡೆ ಸಮ ಕಂಡರೆ ಸರಿ. ಒಂದು ಪೆನ್ನಿನಲ್ಲಿ ಎರಡು ತಿಂಗಳ ಗೊಂದಲ ಮುಗಿಯಿತು. ಮೈಯಲ್ಲಿ ಶಕ್ತಿ ಕಡಿಮೆ ಇದ್ದರೆ ಕೈಯಿಂದ ತಿರುಗಿಸುವ ಕ್ರ್ಯಾಂಕ್ ಇರುವ ಮಾಡೆಲ್ ನೋಡಿ. ಬೆಲೆ ಜಾಸ್ತಿ, ಆದರೆ ಪ್ರತಿ ಸಲ ಸಮನಾಗಿ ಎಳೆಯುತ್ತದೆ.

ದಿನದ ಕೊನೆಗೆ ಹೆದೆ ಇಳಿಸುವುದೂ ಒಂದು ಕೆಲಸ. ಬಾಣವಿಲ್ಲದೆ ಕುದುರೆ ಒತ್ತಿದರೆ ಬಿಲ್ಲೇ ಸಿಡಿದು ಹೋಗಬಹುದು. ಹಳೇ ಬಾಣವೊಂದನ್ನು ಮೆತ್ತನೆ ನೆಲಕ್ಕೋ ಗುರಿ ಚೀಲಕ್ಕೋ ಬಿಟ್ಟು ಇಳಿಸಬೇಕು. ಹೆದೆ ಏರಿಸಿದ ಬಿಲ್ಲನ್ನು ಕಾರಿಗೆ ಹಾಕಲೇಬಾರದು. ಇನ್ನು ಎಡಗೈ ಹೆಬ್ಬೆರಳು. ಕಂಬಿಯ ಮೇಲಕ್ಕೆ ಅದು ಅರ್ಧ ಇಂಚು ಎದ್ದಿದ್ದರೂ ಹೆದೆ ಅದನ್ನು ಬಿಡುವುದಿಲ್ಲ. ತಮಾಷೆಯ ಮಾತಲ್ಲ, ಬೆರಳು ಹೋದವರಿದ್ದಾರೆ.

ಐನೂರು ಅಡಿ ವೇಗದ ಆಸೆ

ಈಗ ದೂರದ ವಿಷಯ. ಇಲ್ಲೇ ನಮ್ಮವರು ಜಾಸ್ತಿ ದುಡ್ಡು ಕಳೆಯುವುದು.

ಮಧ್ಯಮ ದರ್ಜೆಯ ಕ್ರಾಸ್‌ಬೋ ಬಾಣವನ್ನು ಸೆಕೆಂಡಿಗೆ 350ರಿಂದ 400 ಅಡಿ ವೇಗದಲ್ಲಿ ಬಿಡುತ್ತದೆ. ದುಬಾರಿಯದ್ದು 500ರ ಹತ್ತಿರ ಹೋಗುತ್ತದೆ. ಒಹಾಯೋದ ಮೊಗಡೋರ್‌ನ ಟೆನ್‌ಪಾಯಿಂಟ್ ಕಂಪನಿಯ ಒಂದು ಮಾಡೆಲ್ಲಿನ ಹೆಸರಲ್ಲೇ 505 ಅಂತಿದೆ. ಜಾಹೀರಾತಿನಲ್ಲಿ ನೂರು ಗಜದ ಗುರಿಗೆ ಬಾಣ ನೆಡುವುದನ್ನು ತೋರಿಸುತ್ತಾರೆ. ಗುರಿಹಲಗೆ ಅಲ್ಲಾಡುವುದಿಲ್ಲ, ಅದಕ್ಕೆ ಕಿವಿಯೂ ಇಲ್ಲ.

ಜಿಂಕೆಗೆ ಇದೆ. ಸದ್ದು ಸೆಕೆಂಡಿಗೆ 1,100 ಅಡಿಗೂ ಮೇಲೆ ಹೋಗುತ್ತದೆ, ಅಂದರೆ 400 ಅಡಿಯ ಬಾಣಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ಬೇಗ. ಕ್ರಾಸ್‌ಬೋ ಸುಮ್ನೆ ಬಿಡುವುದಿಲ್ಲ, ದೊಡ್ಡದಾಗಿ ಟಪ್ ಅನ್ನುತ್ತದೆ. 20 ಗಜದಲ್ಲಿ ಬಾಣ ಮುಟ್ಟಲು ಸೆಕೆಂಡಿನ ಏಳನೇ ಒಂದು ಭಾಗ ಸಾಕು, ಸದ್ದು ಕೇಳಿದರೂ ಜಿಂಕೆಗೆ ಏನೂ ಮಾಡಲಾಗುವುದಿಲ್ಲ. 40 ಗಜಕ್ಕೆ ಮೂರನೇ ಒಂದು ಸೆಕೆಂಡ್ ಹತ್ತಿರ ಆಗುತ್ತದೆ. ಬೆಚ್ಚಿದ ಜಿಂಕೆ ಓಡುವ ಮುಂಚೆ ಸ್ಪ್ರಿಂಗ್‌ನ ಹಾಗೆ ಕೆಳಕ್ಕೆ ಕುಗ್ಗುತ್ತದೆ. ಶ್ವಾಸಕೋಶಕ್ಕೆ ಹಿಡಿದ ಗುರಿ ಬೆನ್ನಿನ ಮೇಲಕ್ಕೆ ಹೋಗಿರುತ್ತದೆ. ಗಾಯವಾದ ಜಿಂಕೆ, ಸಿಗದ ಜಿಂಕೆ.

ಎರಡನೇ ಲೆಕ್ಕ ಬೀಳುವಿಕೆಯದ್ದು. ಜಿಂಕೆಯ ಪ್ರಾಣಸ್ಥಾನ ಒಂದು ಊಟದ ಚಿಕ್ಕ ತಟ್ಟೆಯಷ್ಟು, ಸುಮಾರು 8 ಇಂಚು ಅಗಲ. ನಡುವಿಗೆ ಗುರಿ ಹಿಡಿದರೆ ಮೇಲೆ ಕೆಳಗೆ ನಾಲ್ಕು ನಾಲ್ಕು ಇಂಚು ಉಳಿಯಿತು. 400 ಅಡಿಯ ಬಿಲ್ಲಿನಿಂದ 40 ಗಜ ಅಂದುಕೊಂಡು ಹೊಡೆದ ಜಿಂಕೆ ನಿಜಕ್ಕೂ 50ರಲ್ಲಿದ್ದರೆ ಬಾಣ 5-6 ಇಂಚು ಕೆಳಗೆ ಹೋಗುತ್ತದೆ. ಹತ್ತು ಗಜದ ಅಂದಾಜು ತಪ್ಪಿದರೆ ಸಾಕು, ತಟ್ಟೆಯಿಂದ ಹೊರಗೆ. ಕೋವಿಯವನಿಗೆ ಅಷ್ಟು ದೂರದಲ್ಲಿ ಇಂಥ ತಪ್ಪು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ನನ್ನ ಮಿತಿ 30 ಗಜ. ಜಿಂಕೆ ಆರಾಮಾಗಿ ಮೇಯುತ್ತಾ ಪಕ್ಕ ತೋರಿಸಿ ನಿಂತರೆ, ದೂರ ಅಳೆಯುವ ಯಂತ್ರದಿಂದ (ರೇಂಜ್‌ಫೈಂಡರ್) ನೋಡಿದ್ದರೆ, 40. ಅದರಾಚೆ ಇಲ್ಲ. 30 ಗಜಕ್ಕೆ 370 ಅಡಿಯ ಬಿಲ್ಲು ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಐನೂರರ ಬಿಲ್ಲಿಗೆ ಕೊಡುವ ಹೆಚ್ಚಿನ ಸಾವಿರ ಡಾಲರ್‌ನಲ್ಲಿ ಒಳ್ಳೆ ರೇಂಜ್‌ಫೈಂಡರ್, ಅಟ್ಟಣೆ, ಬೀಳದಂತೆ ಕಟ್ಟಿಕೊಳ್ಳುವ ಪಟ್ಟಿ, ಚಳಿಯ ಬೂಟು ಎಲ್ಲ ಬರುತ್ತವೆ.

ನನ್ನದೇ ಒಂದು ದಡ್ಡತನ ಹೇಳಿಬಿಡುತ್ತೇನೆ. ಮೂರನೇ ವರ್ಷ, ನವೆಂಬರ್ ಮೊದಲ ವಾರ. ನೆಲದ ಮೇಲಿನ ಬಟ್ಟೆಯ ಗುಡಾರದಲ್ಲಿ ಮರಸು ಕೂತಿದ್ದೆ. ಒಂದು ಹೆಣ್ಣು 22 ಗಜಕ್ಕೆ ಬಂದು ನಿಂತಿತು. ಸ್ಕೋಪಿನಲ್ಲಿ ಅದರ ಮೈಮೇಲಿನ ಕೂದಲು ಎಣಿಸಬಹುದಿತ್ತು. ಕುದುರೆ ಒತ್ತಿದೆ. ಗುಡಾರದೊಳಗೇ ಏನೋ ಒಡೆದ ಸದ್ದು. ಕಣ್ಣು ಬಿಟ್ಟು ನೋಡಿದರೆ ಜಿಂಕೆ ಹಾಗೇ ನಿಂತಿದೆ, ಕಿಟಕಿಯ ಕೆಳಗಿನ ಅಂಚು ಹರಿದು ಬಾಣ ಎಂಟು ಗಜ ಮುಂದೆ ಹುಲ್ಲಿನಲ್ಲಿ ಅಡ್ಡ ಬಿದ್ದಿದೆ. ಸ್ಕೋಪ್ ಇರುವುದು ಬಾಣಕ್ಕಿಂತ ಎರಡೂವರೆ ಮೂರು ಇಂಚು ಮೇಲೆ. ಕಣ್ಣಿಗೆ ಕಿಟಕಿ ತೆರೆದೇ ಇತ್ತು, ಬಾಣಕ್ಕೆ ಇರಲಿಲ್ಲ. ಆ ಹೆಣ್ಣು ಮೂರು ಸಲ ಕಾಲು ಕುಟ್ಟಿ ನನ್ನನ್ನು ಚೆನ್ನಾಗಿ ನೋಡಿಕೊಂಡು, ಬಾಲ ಎತ್ತಿ ಹೋಯಿತು. ಹಳೇ ಅಗಲದ ಬಿಲ್ಲಾದರೆ ತುದಿ ಮರದ ಕಾಂಡಕ್ಕೋ ಏಣಿಗೋ ಬಡಿಯುವುದೂ ಉಂಟು. ಈಗಿನ ಕಿರಿದಾದ ಮಾಡೆಲ್‌ಗಳು ಹೆದೆ ಏರಿಸಿದಾಗ ಆರರಿಂದ ಒಂಬತ್ತು ಇಂಚಿಗೆ ಬರುತ್ತವೆ. ಗುಡಾರದಲ್ಲಿ ಕೂರುವವರು ವೇಗಕ್ಕೆ ಕೊಡುವ ದುಡ್ಡನ್ನು ಈ ಕಿರಿದಾಗುವಿಕೆಗೆ ಕೊಡಿ.

ಕೋವಿಯ ಪಕ್ಕ ಇಟ್ಟರೆ

400 ಗ್ರೇನ್ ತೂಕದ ಬಾಣ ಸೆಕೆಂಡಿಗೆ 400 ಅಡಿ ವೇಗದಲ್ಲಿ ಹೋದಾಗ ಅದರ ಹೊಡೆತ ಸುಮಾರು 142 ಫುಟ್‌-ಪೌಂಡ್. 12 ಬೋರಿನ ಕೋವಿಯ ಸ್ಲಗ್ಗಿನದು (ಚರೆಯ ಬದಲು ಒಂದೇ ದಪ್ಪ ಗುಂಡು) 2,000 ದಾಟುತ್ತದೆ. ಹಾಗಂತ ಬಾಣ ಕೊಲ್ಲುವುದಿಲ್ಲವೆಂದಲ್ಲ. ಅದು ಕೊಲ್ಲುವ ಬಗೆ ಬೇರೆ. ಗುಂಡು ಹೊಡೆತದಿಂದಲೂ ಕೆಡವುತ್ತದೆ, ಬಾಣ ಕೊಯ್ದು ನೆತ್ತರು ಹರಿಸಿಯೇ ಕೆಡವಬೇಕು. ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದರೆ ಜಿಂಕೆ ನೂರು ಗಜದೊಳಗೆ ಮಲಗುತ್ತದೆ. ಆದರೆ ನಿಂತಲ್ಲೇ ಬೀಳುವುದು ಅಪರೂಪ.

ಇದರಿಂದಾಗಿ ಬಾಣದ ಬೇಟೆಯಲ್ಲಿ ಅರ್ಧ ಕೆಲಸ ಹೊಡೆದ ಮೇಲೆ ಶುರುವಾಗುತ್ತದೆ. ಇಳಿದು ಮೊದಲು ಬಾಣ ಹುಡುಕಿ. ನೊರೆ ನೊರೆಯಾಗಿ ತಿಳಿಗೆಂಪು ನೆತ್ತರಿದ್ದರೆ ಶ್ವಾಸಕೋಶ, ಅರ್ಧ ಗಂಟೆ ಬಿಟ್ಟು ಹೋಗಿ. ಕಡುಗೆಂಪಿದ್ದರೆ ಲಿವರ್, ನಾಲ್ಕು ಗಂಟೆಯಾದರೂ ಕಾಯಬೇಕು. ಹಸಿರು ಬಣ್ಣ, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಮನೆಗೆ ಹೋಗಿ ಎಂಟು ಹತ್ತು ಗಂಟೆ ಬಿಟ್ಟು ಬನ್ನಿ. ಆತುರಪಟ್ಟು ಹಿಂದೆ ಬಿದ್ದರೆ ಅದು ಎದ್ದು ಮುಂದಿನ ಕೌಂಟಿಗೆ ಹೋಗುತ್ತದೆ. ಟಾರ್ಚ್ ಬೆಳಕಲ್ಲಿ ಒಣ ಓಕ್ ಎಲೆಗಳ ಮೇಲೆ ನೆತ್ತರ ಜಾಡು ಹುಡುಕುವುದು ತಾಳ್ಮೆಯ ಕೆಲಸ. ಆ ಎಲೆಗಳಿಗೇ ಶರತ್ಕಾಲದಲ್ಲಿ ಕೆಂಪು ಚುಕ್ಕೆ ಇರುತ್ತವೆ, ಒದ್ದೆ ಮಾಡಿದ ಬೆರಳಿನಿಂದ ಉಜ್ಜಿ ನೋಡಿದರಷ್ಟೇ ಗೊತ್ತಾಗುವುದು. ಜಾಡು ತಪ್ಪಿದರೆ ಪಟ್ಟಿ ಕಟ್ಟಿದ ನಾಯಿ ತಂದು ಹುಡುಕಲು ಒಹಾಯೋದಲ್ಲಿ ಅವಕಾಶ ಇದೆ. ನಾಯಿ ಸಾಕಿದವರ ನಂಬರ್ ಮೊದಲೇ ಇಟ್ಟುಕೊಂಡಿರಿ.

ಸಂಜೆ ಒಂದು ಗಂಟೆ ಬಿಡುವು ಸಿಗುತ್ತದೆ, ಆದರೆ ರಾತ್ರಿ ಹನ್ನೊಂದರವರೆಗೆ ಜಾಡು ಹುಡುಕುವ ಹಾಗಿಲ್ಲ ಅನ್ನುವವರು ಬಾಣದ ಬೇಟೆಗೇ ಬರಬೇಡಿ. ಅವರಿಗೆ ಕೋವಿಯ ವಾರವೇ ಸರಿ. ಒಹಾಯೋದಲ್ಲಿ 2014ರಿಂದ ನೇರ ತೋಟಾದ (ಕತ್ತಿನ ಹತ್ತಿರ ಕಿರಿದಾಗದ ತೋಟಾ) ಕೆಲವು ರೈಫಲ್‌ಗಳಿಗೂ ಅವಕಾಶ ಇದೆ. ಸ್ಲಗ್ಗಿನಷ್ಟು ಭುಜಕ್ಕೆ ಒದೆಯುವುದಿಲ್ಲ.

ದುಡ್ಡು

ಶುರುವಿನ ಕ್ರಾಸ್‌ಬೋ ಸೆಟ್ 300-400 ಡಾಲರ್, ಒಳ್ಳೆಯದು 700ರಿಂದ 1,200, ಮೇಲಕ್ಕೆ ಹೋದರೆ ಎರಡು ಮೂರು ಸಾವಿರ. ಇದರ ಜೊತೆ ಬಾಣ, ಬ್ಲೇಡಿನ ತುದಿ, ಗುರಿ ಚೀಲ, ರೇಂಜ್‌ಫೈಂಡರ್ ಸೇರಿ ಇನ್ನೊಂದು 300-400 ಹಿಡಿಯಿರಿ. ಜಾಹೀರಾತಿನಲ್ಲಿ ಹೇಳದ ಖರ್ಚು ಹೆದೆಯದ್ದು. ಮೇಣ ಹಚ್ಚಿ ಎಷ್ಟು ನೋಡಿಕೊಂಡರೂ ಎರಡು ಮೂರು ವರ್ಷಕ್ಕೆ ಬದಲಿಸಬೇಕು. ಎಷ್ಟೋ ಮಾಡೆಲ್‌ಗಳಿಗೆ ಮನೆಯಲ್ಲಿ ಮಾಡಲಾಗದು, ಅಂಗಡಿಗೆ ಕೊಟ್ಟು ನೂರು ಡಾಲರ್ ಮೇಲೆ ಕೊಡಬೇಕು. ಕೆನಡಾದ ಎಕ್ಸ್‌ಕ್ಯಾಲಿಬರ್‌ನಂಥ ಗಾಲಿ ಇಲ್ಲದ ಬಿಲ್ಲುಗಳಲ್ಲಿ ನೀವೇ ಐದು ನಿಮಿಷದಲ್ಲಿ ಬದಲಿಸಬಹುದು. ಅವು ಅಗಲ ಜಾಸ್ತಿ, ಸದ್ದೂ ಜಾಸ್ತಿ, ಆದರೆ ಕೆಡುವ ಭಾಗ ಕಡಿಮೆ. ಕಾಂಪೌಂಡ್ ಸೆಟ್ಟೂ 400ರಿಂದ 1,000ದ ಒಳಗೇ ಬರುತ್ತದೆ, ಹಾಗಾಗಿ ಅವೆರಡರ ನಡುವೆ ದುಡ್ಡು ನೋಡಿ ಆರಿಸಬೇಕಾಗಿಲ್ಲ.

ಮಾಂಸದ ಲೆಕ್ಕದಲ್ಲಿ ಇದು ಗಿಟ್ಟುತ್ತದಾ? ಒಂದು ಹೆಣ್ಣು ಜಿಂಕೆಯಿಂದ ಮೂಳೆ ಬಿಟ್ಟು 40 ಪೌಂಡ್ ಹತ್ತಿರ ಸಿಗಬಹುದು. ಮೊದಲ ವರ್ಷ ಅದು ಪ್ರಪಂಚದಲ್ಲೇ ದುಬಾರಿ ಮಾಂಸ. ನಾಲ್ಕನೇ ವರ್ಷದ ಹೊತ್ತಿಗೆ ಪರವಾಗಿಲ್ಲ ಅನ್ನಿಸುತ್ತದೆ. ಕಾಚಂಪುಳಿ ಹಾಕಿ ನಿಧಾನಕ್ಕೆ ಬೇಯಿಸಿದರೆ ಕೇಳುವುದೇ ಬೇಡ, ಕೊಬ್ಬಿಲ್ಲದ ಮಾಂಸಕ್ಕೆ ಆ ಹುಳಿ ಚೆನ್ನಾಗಿ ಹೊಂದುತ್ತದೆ.

ನೀವು ಒಹಾಯೋದಲ್ಲಿ ಇಲ್ಲದಿದ್ದರೆ

ಲೆಕ್ಕ ಪೂರ್ತಿ ಬದಲಾಗುತ್ತದೆ. ಪೆನ್ಸಿಲ್ವೇನಿಯಾ, ಮಿಷಿಗನ್, ನ್ಯೂಜೆರ್ಸಿ 2009ರಲ್ಲಿ ಬಿಲ್ಲಿನ ಸೀಸನ್‌ಗೆ ಕ್ರಾಸ್‌ಬೋವನ್ನು ಸೇರಿಸಿಕೊಂಡವು. ಮಿನ್ನೆಸೋಟಾ 2023ರಲ್ಲಿ. ಒಂಟಾರಿಯೋದಲ್ಲೂ ಬಿಲ್ಲಿನವರ ಜೊತೆ ಕೂರಬಹುದು. ಇಲ್ಲೆಲ್ಲ ನಾನು ಮೇಲೆ ಹೇಳಿದ್ದು ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಟೆಕ್ಸಾಸ್‌ನಲ್ಲಿ ಅವಕಾಶ ಇದೆ, ಆದರೆ ಲಾಭ ಕಡಿಮೆ. ಬಿಲ್ಲಿನವರಿಗೆಂದೇ ಇರುವುದು ಅಕ್ಟೋಬರ್‌ನ ಸುಮಾರು ಒಂದು ತಿಂಗಳು. ನವೆಂಬರ್‌ನಿಂದ ಜನವರಿವರೆಗೆ ರೈಫಲ್ ಸೀಸನ್ನೇ ಉದ್ದಕ್ಕೂ ನಡೆಯುತ್ತದೆ. ಡಲ್ಲಾಸ್‌ನ ಗೆಳೆಯನಿಗೆ ನಾನು ಕ್ರಾಸ್‌ಬೋ ಬೇಡ ಅಂದೆ. ಕ್ಯಾಲಿಫೋರ್ನಿಯಾದಲ್ಲಿ ಅಂಗವಿಕಲರಿಗೆ ವಿನಾಯಿತಿ ಬಿಟ್ಟರೆ ಬಿಲ್ಲಿನ ಸೀಸನ್‌ನಲ್ಲಿ ಅಡ್ಡಬಿಲ್ಲು ಹಿಡಿಯುವಂತಿಲ್ಲ, ರೈಫಲ್‌ನವರ ಸೀಸನ್‌ನಲ್ಲೇ ಹೋಗಬೇಕು. ಕೊಲರಾಡೋದಲ್ಲೂ ಹಾಗೇ. ದಿನವೂ ಸಿಗದ, ದೂರವೂ ಸಿಗದ ಮೇಲೆ ಬೇ ಏರಿಯಾದವರು ಯಾಕೆ ಕೊಳ್ಳಬೇಕು? ಓರೆಗಾನ್‌ನಲ್ಲಂತೂ ಬೇಟೆಗೆ ಕ್ರಾಸ್‌ಬೋ ಒಯ್ಯುವಂತೆಯೇ ಇಲ್ಲ. ಇಂಗ್ಲೆಂಡಿನಲ್ಲಿರುವವರು ಕೇಳುವುದೇ ಬೇಡ, 1981ರ ಕಾನೂನಿನಡಿ ಕಾಡುಪ್ರಾಣಿಗೆ ಬಿಲ್ಲು, ಅಡ್ಡಬಿಲ್ಲು ಎರಡೂ ನಿಷಿದ್ಧ.

ನಿಯಮಗಳು ವರ್ಷ ವರ್ಷ ಬದಲಾಗುತ್ತಿರುತ್ತವೆ. ನಿಮ್ಮ ರಾಜ್ಯದ ಆ ವರ್ಷದ ಪುಸ್ತಿಕೆ ಓದದೆ ಕಾರ್ಡ್ ಉಜ್ಜಬೇಡಿ. ಮೊದಲ ಸಲದವರಿಗೆ ಬೇಟೆ ಶಿಕ್ಷಣದ ಕೋರ್ಸ್ ಆಗಿರಬೇಕು. ಅದಾಗುವ ಮುಂಚೆ ಒಂದು ಕೈ ನೋಡಬೇಕೆಂದರೆ ಒಹಾಯೋದಲ್ಲಿ ಲೈಸೆನ್ಸ್ ಇರುವ ದೊಡ್ಡವರೊಬ್ಬರ ಜೊತೆ ಹೋಗಲು ಅಪ್ರೆಂಟಿಸ್ ಲೈಸೆನ್ಸ್ ಸಿಗುತ್ತದೆ.

ಹಳೆಯದು ಕೊಳ್ಳುವವರಿಗೆ

ನನ್ನ ಸಲಹೆ ಮಧ್ಯಮ ದರ್ಜೆಯದ್ದು, ಅದೂ ಸೀಸನ್ ಮುಗಿದ ಮೇಲೆ ಫೆಬ್ರವರಿ ಮಾರ್ಚ್‌ನಲ್ಲಿ. ಮೇಲೆ ಹೇಳಿದ ಹಾಗೆ ಬೇಜಾರಾದವರ ಬಿಲ್ಲುಗಳೆಲ್ಲ ಆಗ ಹೊರಬರುತ್ತವೆ. ನಾನು ಒಮ್ಮೆ ಒಬ್ಬರ ಗ್ಯಾರೇಜಿನಲ್ಲಿ ಹಾಗೆ ಕೊಂಡು ಸರಿಯಾಗಿ ಬೆಪ್ಪಾದೆ. ಹೊರಗೆ ಹೊಸದರಂತೆ ಹೊಳೆಯುತ್ತಿತ್ತು, ಮನೆಗೆ ತಂದು ಏಳನೇ ಬಾಣಕ್ಕೆ ಬಿಲ್ಲಿನ ಎಡ ಪಟ್ಟಿ, ಅಂದರೆ ಬಾಗುವ ತೋಳು, ಸೀಳಿತು. ಅದೃಷ್ಟಕ್ಕೆ ಕನ್ನಡಕ ಹಾಕಿದ್ದೆ.

ಈಗ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ತುಂಡು ಹತ್ತಿ ಇಟ್ಟುಕೊಂಡಿರುತ್ತೇನೆ. ಬಿಲ್ಲಿನ ಎರಡೂ ಪಟ್ಟಿಗಳ ಮೇಲೆ, ಅಂಚಿನ ಉದ್ದಕ್ಕೂ ಹತ್ತಿಯನ್ನು ನಿಧಾನಕ್ಕೆ ಸವರಬೇಕು. ಕಣ್ಣಿಗೆ ಕಾಣದ ಕೂದಲೆಳೆ ಬಿರುಕಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿತೋ, ನಮಸ್ಕಾರ ಹೇಳಿ ಹೊರಡಿ. ಆಮೇಲೆ ಹೆದೆಯ ನಡುವೆ ಸುತ್ತಿದ ದಾರ ಬಿಚ್ಚಿಕೊಂಡಿದೆಯಾ ನೋಡಿ. ಹೆದೆ ಮಾತ್ರ ಹಳತಾಗಿದ್ದರೆ ಹೊಸದರ ಬೆಲೆ ಕಳೆದು ಚೌಕಾಸಿ ಮಾಡಬಹುದು. ಕೊನೆಗೆ ಮಾರುವವರೇ ನಿಮ್ಮೆದುರು ಹೆದೆ ಏರಿಸಿ 20 ಗಜಕ್ಕೆ ಮೂರು ಬಾಣ ಬಿಡಲಿ. ನೀವು ಅವರ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು ನೋಡಿ.